ಝಿಪ್ ಖಾಲಿ ಕೂತಿದೆ, ಕೋಬಾಲ್ ಬ್ಯಾಚ್ ಅದರ ಮೇಲೆ ಓಡಿಸಬಹುದಾ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಒಂದು ವಿದೇಶಿ ವಿಮಾ ಕಂಪನಿಯ ಮೇನ್‌ಫ್ರೇಮ್ (ಐಬಿಎಂನ ದೊಡ್ಡ ಕಂಪ್ಯೂಟರ್) ಕೆಪ್ಯಾಸಿಟಿ ತಂಡದಲ್ಲಿದ್ದೇನೆ. ನಮ್ಮ ಝಿಪ್ ಪ್ರೊಸೆಸರ್‌ಗಳು (ಕೆಲವು ಬಗೆಯ ಕೆಲಸಕ್ಕೆ ಮಾತ್ರ ಅಂತ ಅಗ್ಗಕ್ಕೆ ಕೊಡುವಂಥವು) ರಾತ್ರಿಯೆಲ್ಲಾ ಖಾಲಿ ಇರುತ್ತವೆ. ಅದೇ ಹೊತ್ತಿನಲ್ಲಿ ಕೋಬಾಲ್ ಬ್ಯಾಚ್ (ರಾತ್ರಿ ಒಟ್ಟಿಗೆ ಓಡುವ ಕೋಬಾಲ್ ಭಾಷೆಯ ಪ್ರೋಗ್ರಾಂಗಳು) ಎಲ್ಲಾ ಕೆಲಸಕ್ಕೂ ಬರುವ ಜನರಲ್ ಪ್ರೊಸೆಸರ್‌ಗಳನ್ನು ತುಂಬಿಕೊಂಡು ತಿಂಗಳ ಸಾಫ್ಟ್‌ವೇರ್ ಬಿಲ್ ಏರಿಸುತ್ತದೆ. ಬ್ಯಾಚನ್ನು ಝಿಪ್ ಮೇಲೆ ಓಡಿಸುವ ಟೂಲ್ ಇದೆ ಅಂತ ಒಂದು ಕಂಪನಿಯವರು ಬಂದು ಡೆಮೊ ಕೊಟ್ಟರು. ಮೆಷಿನ್ ನಮ್ಮದು, ದುಡ್ಡು ಕೊಟ್ಟಿದ್ದೇವೆ, ಅದರ ಮೇಲೆ ಏನು ಓಡಿಸಬೇಕು ಅಂತ ಹೇಳೋಕೆ ಐಬಿಎಂ ಯಾರು ಅಂತ ನಮ್ಮ ಮ್ಯಾನೇಜರ್ ಕೇಳುತ್ತಾರೆ. ಹಿಂದೆ ಝೆಡ್‌ಪ್ರೈಮ್ ಅಂತ ಏನೋ ಕೋರ್ಟ್ ಗಲಾಟೆ ಆಗಿತ್ತು ಅಂತಲೂ ಕೇಳಿದ್ದೇನೆ. ನಾವು ಈ ಟೂಲ್ ತಗೋಬಹುದಾ?

ಉತ್ತರ: ಬೇಡ. ಆ ಟೂಲ್ ನಿಮ್ಮ ಕೋಬಾಲ್ ಬ್ಯಾಚನ್ನೇ ಎತ್ತಿ ಝಿಪ್ ಮೇಲೆ ಕೂರಿಸುವಂಥದ್ದಾದರೆ ತಗೋಬೇಡಿ. ಡೆಮೊದಲ್ಲಿ ನೀವು ನೋಡಿದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ತೊಡಕು ಇರುವುದು ಕರಾರಿನಲ್ಲಿ.

ಆದರೆ ನಿಮ್ಮ ಮ್ಯಾನೇಜರ್ ಕೇಳಿದ್ದು ಒಳ್ಳೆಯ ಪ್ರಶ್ನೆ. ಮೇನ್‌ಫ್ರೇಮ್ ಬಿಲ್ ನೋಡಿದ ಯಾರಿಗಾದರೂ ಅದು ಬರಲೇಬೇಕು. ಝೆಡ್‌ಪ್ರೈಮ್ ಅನ್ನುವ ಇಂಥದ್ದೇ ಟೂಲ್ ಕಾರಣದಿಂದ 2009ರಲ್ಲಿ ಇದೇ ಪ್ರಶ್ನೆ ಅಮೆರಿಕದ ಕೋರ್ಟಿಗೂ ಹೋಗಿತ್ತು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಝಿಪ್ ಅಂದರೆ ಏನು ಅಂತ ಸರಿಯಾಗಿ ನೋಡೋಣ. ಐಬಿಎಂ ಮೆಷಿನ್ ಒಳಗೆ ಇರುವ ಪ್ರೊಸೆಸರ್ ಕೋರ್‌ಗಳೆಲ್ಲಾ ಹುಟ್ಟುವಾಗ ಒಂದೇ. ಯಾವ ಕೋರ್ ಯಾವ ಪಾತ್ರ ಮಾಡಬೇಕು ಅನ್ನುವುದನ್ನು ನೀವು ಕೊಂಡ ಆರ್ಡರ್ ಪ್ರಕಾರ ಮೈಕ್ರೋಕೋಡ್ (ಮೆಷಿನ್ ಒಳಗೇ ಇರುವ ಐಬಿಎಂನ ನಿಯಂತ್ರಣ ಕೋಡ್) ಮಟ್ಟದಲ್ಲಿ ನಿಗದಿ ಮಾಡುತ್ತಾರೆ. ಒಂದು ಕೋರ್ ಜನರಲ್ ಪ್ರೊಸೆಸರ್ ಆಗುತ್ತದೆ, ಇನ್ನೊಂದು ಲಿನಕ್ಸ್‌ಗೆ ಮೀಸಲಾದ ಐಎಫ್‌ಎಲ್ ಆಗುತ್ತದೆ, ಮತ್ತೊಂದು ಝಿಪ್. ಸಿಲಿಕಾನ್‌ನಲ್ಲಿ ವ್ಯತ್ಯಾಸ ಇಲ್ಲ. ಅಷ್ಟೇ ಅಲ್ಲ, ನೀವು ಕೊಂಡ ಮಾಡೆಲ್ ಕಡಿಮೆ ಸಾಮರ್ಥ್ಯದ್ದಾದರೆ ಜನರಲ್ ಪ್ರೊಸೆಸರ್ ವೇಗಕ್ಕೆ ಕಡಿವಾಣ ಹಾಕಿರುತ್ತಾರೆ. ಝಿಪ್ ಮಾತ್ರ ಯಾವ ಮಾಡೆಲ್‌ನಲ್ಲೂ ಪೂರ್ತಿ ವೇಗದಲ್ಲೇ ಓಡುತ್ತದೆ. ಅಂದರೆ ಅಗ್ಗದ್ದು ವೇಗವಾಗಿ ಓಡುತ್ತದೆ, ದುಬಾರಿಯದ್ದು ನಿಧಾನ. ಇದನ್ನು ಕಂಡಾಗ ಎಂಜಿನಿಯರ್ ಕೈ ತುರಿಸುವುದು ಸಹಜ.

ಜಾವಾ ಕೆಲಸಕ್ಕೆ ಅಂತ ಝ್ಯಾಪ್ ಅನ್ನುವ ಇನ್ನೊಂದು ವಿಶೇಷ ಪ್ರೊಸೆಸರ್ ಬಂದಿದ್ದು 2004ರಲ್ಲಿ. ಡಿಬಿ2 ಅನ್ನುವ ಡೇಟಾಬೇಸ್ ಕೆಲಸದ ಕೆಲವು ಭಾಗಗಳಿಗೆ ಅಂತ ಝಿಪ್ ಬಂದಿದ್ದು 2006ರಲ್ಲಿ. ಆಗ ಅಮೆರಿಕದಲ್ಲಿ ಒಂದು ಝಿಪ್ ಬೆಲೆ 1,25,000 ಡಾಲರ್ ಇತ್ತು. ಆಗಿನ ಲೆಕ್ಕದಲ್ಲಿ ಸುಮಾರು 55 ಲಕ್ಷ ರೂಪಾಯಿ. ಜಾಸ್ತಿ ಅನ್ನಿಸಬಹುದು, ಆದರೆ ಜನರಲ್ ಪ್ರೊಸೆಸರ್ ಇದರ ಎಷ್ಟೋ ಪಟ್ಟು. ನಿಜವಾದ ಉಳಿತಾಯ ಇರುವುದು ಹಾರ್ಡ್‌ವೇರ್‌ನಲ್ಲಿ ಅಲ್ಲ, ಸಾಫ್ಟ್‌ವೇರ್ ಬಿಲ್‌ನಲ್ಲಿ.

ನಿಮಗೆ ಇದು ಗೊತ್ತೇ ಇದೆ, ಆದರೂ ನಿಮ್ಮ ಮ್ಯಾನೇಜರ್ ಓದಬಹುದು ಅಂತ ಬರೆಯುತ್ತಿದ್ದೇನೆ. ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್ ಆದ ಝೆಡ್‌ಓಎಸ್, ವಹಿವಾಟು ನಡೆಸುವ ಸಿಐಸಿಎಸ್ ಮತ್ತು ಐಎಂಎಸ್, ಡಿಬಿ2 ಇವುಗಳ ತಿಂಗಳ ಶುಲ್ಕ ಎಂಎಸ್‌ಯು (ಪ್ರೊಸೆಸರ್ ಬಳಕೆಯ ಅಳತೆ) ಲೆಕ್ಕದಲ್ಲಿ ಬರುತ್ತದೆ. ಪ್ರತಿ ಗಂಟೆಗೂ ಹಿಂದಿನ ನಾಲ್ಕು ಗಂಟೆಗಳ ಸರಾಸರಿ ತೆಗೆಯುತ್ತಾರೆ. ಇಡೀ ತಿಂಗಳಲ್ಲಿ ಆ ಸರಾಸರಿ ಎಲ್ಲಿ ಅತಿ ಎತ್ತರಕ್ಕೆ ಹೋಗಿತ್ತೋ ಅದರ ಮೇಲೆ ಬಿಲ್. ಉದಾಹರಣೆಗೆ, ತಿಂಗಳ ಕೊನೆಯ ಒಂದೇ ಒಂದು ರಾತ್ರಿ 900 ಎಂಎಸ್‌ಯು ಮುಟ್ಟಿ, ಉಳಿದ ದಿನವೆಲ್ಲಾ 400ರಲ್ಲೇ ಇದ್ದರೂ ನೀವು 900ಕ್ಕೆ ದುಡ್ಡು ಕಟ್ಟುತ್ತೀರಿ. ಈ ಲೆಕ್ಕವನ್ನು ಎಸ್‌ಸಿಆರ್‌ಟಿ ಅನ್ನುವ ಪ್ರೋಗ್ರಾಂ ತೆಗೆಯುತ್ತದೆ. ಹಿಂದಿನ ತಿಂಗಳ 2ನೇ ತಾರೀಖಿನಿಂದ ಈ ತಿಂಗಳ 1ರ ತನಕದ ಮಾಹಿತಿ. 9ನೇ ತಾರೀಖಿನೊಳಗೆ ವರದಿ ಐಬಿಎಂಗೆ ಹೋಗಬೇಕು. ಝಿಪ್ ಮೇಲೆ ಓಡಿದ ಕೆಲಸ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಆ ಎತ್ತರದ ಹೊತ್ತಿನಲ್ಲಿ ಒಂದು ಎಂಎಸ್‌ಯು ಝಿಪ್ ಕಡೆ ಸರಿದರೆ ಅಷ್ಟು ಸಾಫ್ಟ್‌ವೇರ್ ಶುಲ್ಕವೂ ಹೋಯಿತು.

ಐಬಿಎಂ ಯಾಕೆ ಹೀಗೆ ಮಾಡಿತು? ಜಾವಾ, ಲಿನಕ್ಸ್, ನೆಟ್‌ವರ್ಕ್ ಮೂಲಕ ಬರುವ ಡಿಬಿ2 ಕ್ವೆರಿ, ಇಂಥ ಹೊಸ ಕೆಲಸವೆಲ್ಲಾ ಯುನಿಕ್ಸ್ ಮತ್ತು ಇಂಟೆಲ್ ಸರ್ವರ್‌ಗಳ ಕಡೆ ಓಡಿ ಹೋಗುತ್ತಿತ್ತು. ಅದನ್ನು ಹಿಡಿದಿಟ್ಟುಕೊಳ್ಳಲು ಅದಕ್ಕೆ ಮಾತ್ರ ರಿಯಾಯಿತಿ ಕೊಟ್ಟರು. ಕೋಬಾಲ್ ಬ್ಯಾಚ್, ಸಿಐಸಿಎಸ್ ಟ್ರಾನ್ಸಾಕ್ಷನ್, ಐಎಂಎಸ್ ಇವು ಎಲ್ಲಿಗೂ ಹೋಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. 30 ವರ್ಷದಿಂದ ಬರೆದಿಟ್ಟ ಕೋಡ್ ರಾತ್ರೋರಾತ್ರಿ ಎಲ್ಲಿಗೆ ಹೋಗುತ್ತದೆ? ಹಾಗಾಗಿ ಅದಕ್ಕೆ ರಿಯಾಯಿತಿ ಇಲ್ಲ. ಬಿಟ್ಟು ಹೋಗುವ ಗಿರಾಕಿಗೆ ಕಡಿಮೆ ರೇಟು, ನಂಬಿ ಕೂತ ಗಿರಾಕಿಗೆ ಪೂರ್ತಿ ರೇಟು. ಇದು ನ್ಯಾಯವಾದ ದರ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಝೆಡ್‌ಪ್ರೈಮ್ ಬಂದಾಗ ಅಷ್ಟೊಂದು ಜನ ಕಿವಿ ನಿಮಿರಿಸಿದ್ದಕ್ಕೆ ಈ ಸಿಟ್ಟೇ ಕಾರಣ.

ಆದರೆ ಸಿಟ್ಟು ಬೇರೆ, ಕರಾರು ಬೇರೆ. ಗ್ಯಾಸ್ ಸಿಲಿಂಡರ್ ತಗೊಳ್ಳಿ. ಮನೆಗೆ ಬರುವ 14.2 ಕೆಜಿಯ ಕೆಂಪು ಸಿಲಿಂಡರ್, ಹೋಟೆಲಿಗೆ ಬರುವ 19 ಕೆಜಿ ಸಿಲಿಂಡರ್. ಒಳಗಿನ ಗ್ಯಾಸ್ ಉರಿಯುವ ರೀತಿಯಲ್ಲಿ ಏನೂ ವ್ಯತ್ಯಾಸ ಇಲ್ಲ. ದೋಸೆ ಎರಡರಲ್ಲೂ ಹಾಗೇ ಬೇಯುತ್ತದೆ. ಆದರೆ ಮನೆ ಸಿಲಿಂಡರನ್ನು ಹೋಟೆಲ್ ಒಲೆಗೆ ಹಚ್ಚಿದರೆ ಅಪರಾಧ. ದುಡ್ಡು ಕೊಟ್ಟು ಕೊಂಡಿದ್ದೇನೆ ಅಂದರೆ ಯಾರೂ ಕೇಳುವುದಿಲ್ಲ. ಕಡಿಮೆ ರೇಟಿಗೆ ಕೊಂಡಿದ್ದೇ ಮನೆ ಅಡುಗೆಗೆ ಅನ್ನುವ ಷರತ್ತಿನ ಮೇಲೆ. ಝಿಪ್ ಕೂಡ ಷರತ್ತಿನ ಸರಕು. ನೀವು ಕೊಂಡಿದ್ದು ಕೋರ್ ಅಲ್ಲ, ಆ ಕೋರ್ ಮೇಲೆ ಇಂತಿಂಥ ಕೆಲಸ ಓಡಿಸುವ ಹಕ್ಕು. ಗ್ಯಾಸ್ ವಿಷಯದಲ್ಲಿ ಸರ್ಕಾರದ ಕಾನೂನಿದೆ, ಇಲ್ಲಿ ಎರಡು ಕಂಪನಿಗಳ ನಡುವಿನ ಕರಾರು. ಆ ವ್ಯತ್ಯಾಸ ದೊಡ್ಡದು, ಝೆಡ್‌ಪ್ರೈಮ್ ಜಗಳ ನಿಂತಿದ್ದೇ ಅದರ ಮೇಲೆ.

ಝೆಡ್‌ಪ್ರೈಮ್ ಟೂಲ್ ಏನು ಮಾಡುತ್ತಿತ್ತು ಅಂತ ನೋಡುವ ಮೊದಲು, ಕೆಲಸ ಝಿಪ್‌ಗೆ ಸರಿಯಾದ ದಾರಿಯಲ್ಲಿ ಹೇಗೆ ಹೋಗುತ್ತದೆ ಅಂತ ತಿಳಿಯಬೇಕು. ಝೆಡ್‌ಓಎಸ್‌ನಲ್ಲಿ ಸಾಮಾನ್ಯ ಪ್ರೋಗ್ರಾಂ ಓಡುವುದು ಟಿಸಿಬಿ ಅಡಿಯಲ್ಲಿ, ಅಂದರೆ ಸಿಸ್ಟಮ್ ಇಟ್ಟುಕೊಳ್ಳುವ ಒಂದು ಬಗೆಯ ಕೆಲಸದ ಚೀಟಿ. ನಿಮ್ಮ ಕೋಬಾಲ್ ಬ್ಯಾಚ್ ಅಷ್ಟೂ ಟಿಸಿಬಿ. ಝಿಪ್‌ಗೆ ಹೋಗುವ ಕೆಲಸ ಬಹುಮಟ್ಟಿಗೆ ಎಸ್‌ಆರ್‌ಬಿ ಅನ್ನುವ ಇನ್ನೊಂದು ರೂಪದಲ್ಲಿ, ಎನ್‌ಕ್ಲೇವ್ ಅನ್ನುವ ಗುಂಪಿನೊಳಗೆ ಓಡುತ್ತದೆ. ಬೇರೆ ಸರ್ವರ್‌ನಿಂದ ನೆಟ್‌ವರ್ಕ್ ಮೂಲಕ ಡಿಬಿ2ಗೆ ಒಂದು ಕ್ವೆರಿ ಬಂತು ಅನ್ನಿ. ಡಿಬಿ2 ಅದಕ್ಕೆ ಎನ್‌ಕ್ಲೇವ್ ಮಾಡಿ, ಇದರಲ್ಲಿ ಇಷ್ಟು ಪಾಲು ಝಿಪ್‌ಗೆ ಅರ್ಹ ಅಂತ ಸಿಸ್ಟಮ್‌ಗೆ ಹೇಳುತ್ತದೆ. ಪೂರ್ತಿ ಅಲ್ಲ, ಅಂಥ ಕೆಲಸದಲ್ಲಿ ಸುಮಾರು 60 ಪರ್ಸೆಂಟ್. ಉಳಿದ 40 ಜನರಲ್ ಪ್ರೊಸೆಸರ್ ಮೇಲೇ. ಈ 60 ಯಾಕೆ 80 ಆಗಬಾರದು ಅಂದರೆ ಅದಕ್ಕೆ ತಾಂತ್ರಿಕ ಕಾರಣ ಇಲ್ಲ. ಐಬಿಎಂ ಇಟ್ಟ ಅಳತೆ ಅದು.

ನಿಯಾನ್ ಎಂಟರ್‌ಪ್ರೈಸ್ ಸಾಫ್ಟ್‌ವೇರ್ ಅನ್ನುವ ಕಂಪನಿ ಟೆಕ್ಸಸ್‌ನ ಶುಗರ್ ಲ್ಯಾಂಡ್‌ನಲ್ಲಿತ್ತು. ಅದರ ಹಿಂದಿದ್ದವರು ಜಾನ್ ಮೂರ್ಸ್, ಬಿಎಂಸಿ ಸಾಫ್ಟ್‌ವೇರ್ ಕಟ್ಟಿದವರಲ್ಲಿ ಒಬ್ಬರು. ಮೇನ್‌ಫ್ರೇಮ್ ಒಳಹೊರಗು ಬಲ್ಲವರು. 2009ರ ಮಧ್ಯದಲ್ಲಿ ಅವರು ಝೆಡ್‌ಪ್ರೈಮ್ ಮಾರುಕಟ್ಟೆಗೆ ಬಿಟ್ಟರು. ಟಿಸಿಬಿ ಅಡಿಯಲ್ಲಿ ಓಡಬೇಕಾದ ಕೆಲಸವನ್ನು ಎಸ್‌ಆರ್‌ಬಿ ರೂಪಕ್ಕೆ ತಿರುಗಿಸಿ ಝಿಪ್, ಝ್ಯಾಪ್ ಮೇಲೆ ಓಡಿಸುವುದು ಅದರ ಉಪಾಯ. ಐಎಂಎಸ್, ಸಿಐಸಿಎಸ್, ಡಿಬಿ2, ಟಿಎಸ್‌ಓ, ಬ್ಯಾಚ್ ಎಲ್ಲವನ್ನೂ ಒಯ್ಯುತ್ತೇವೆ, ನಿಮ್ಮ ಪ್ರೋಗ್ರಾಂ ಒಂದು ಸಾಲೂ ಬದಲಿಸಬೇಕಿಲ್ಲ ಅನ್ನುವುದು ಅವರ ಮಾತು.

ಐಬಿಎಂ ಕೂಡಲೇ ಗಿರಾಕಿಗಳಿಗೆ ಪತ್ರ ಬರೆಯಿತು. ಇಂಥ ಟೂಲ್ ಹಾಕುವ ಮೊದಲು ನಿಮ್ಮ ಕರಾರು ಓದಿ, ಉಲ್ಲಂಘನೆ ಆಗಬಹುದು ಅನ್ನುವ ಧಾಟಿ. ಪತ್ರ ನೋಡಿದ ಎಷ್ಟೋ ಕಂಪನಿಗಳು ಹಿಂದೆ ಸರಿದವು. 2009ರ ಡಿಸೆಂಬರ್‌ನಲ್ಲಿ ನಿಯಾನ್ ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಫೆಡರಲ್ ಕೋರ್ಟಿಗೆ ಹೋಯಿತು. ನಮ್ಮ ಗಿರಾಕಿಗಳನ್ನು ಹೆದರಿಸಿ ವ್ಯಾಪಾರ ಕೆಡಿಸುತ್ತಿದ್ದಾರೆ, ಟೂಲ್ ಬಳಸಬಾರದು ಅಂತ ಗಿರಾಕಿಯ ಕರಾರಿನಲ್ಲಿ ಎಲ್ಲಿಯೂ ಬರೆದಿಲ್ಲ ಅನ್ನುವುದು ಅವರ ವಾದ. 2010ರ ಜನವರಿಯಲ್ಲಿ ಐಬಿಎಂ ಪ್ರತಿದಾವೆ ಹೂಡಿತು. ದುಡ್ಡು ಕಟ್ಟದೇ ಪೇ ಚಾನೆಲ್ ನೋಡಲು ಕೇಬಲ್ ಬಾಕ್ಸ್ ತಿದ್ದಿ ಕೊಡುವ ಮೆಕ್ಯಾನಿಕ್ ಇರುತ್ತಾನಲ್ಲ, ನಿಯಾನ್ ವ್ಯಾಪಾರ ಅಂಥದ್ದು ಅಂತ ಅದರಲ್ಲಿ ಹೋಲಿಸಿದ್ದರು.

ಯಾರ ವಾದ ಗಟ್ಟಿ ಇತ್ತು? ನನ್ನ ಅಭಿಪ್ರಾಯ ಕೇಳಿದರೆ, ಆಗಿನ ಕರಾರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು. ಮೈಕ್ರೋಕೋಡನ್ನು ಅನುಮತಿ ಇದ್ದಷ್ಟೇ ಬಳಸಬೇಕು ಅನ್ನುವ ಸಾಲುಗಳಿದ್ದವು. ಯಾವ ಕೆಲಸ ಝಿಪ್‌ಗೆ ಅರ್ಹ ಅನ್ನುವುದು ಮಾತ್ರ ಮಾರಾಟದ ಹಾಳೆಗಳಲ್ಲಿ, ಮ್ಯಾನುಯಲ್‌ಗಳಲ್ಲಿ, ಪ್ರಕಟಣೆಗಳಲ್ಲಿ ಚೆಲ್ಲಾಡಿತ್ತು. ಸಹಿ ಹಾಕಿದ ಹಾಳೆಯಲ್ಲಿ ಕಡ್ಡಿ ಮುರಿದ ಹಾಗೆ ಹೇಳಿರಲಿಲ್ಲ. ನಿಯಾನ್ ಹಿಡಿದಿದ್ದು ಈ ಸಂದನ್ನೇ.

ಯುರೋಪಿನಲ್ಲೂ ಗಾಳಿ ಬೀಸಿತ್ತು. 2010ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ ಮೇನ್‌ಫ್ರೇಮ್ ವ್ಯವಹಾರದ ಬಗ್ಗೆ ಐಬಿಎಂ ಮೇಲೆ ತನಿಖೆ ಶುರು ಮಾಡಿತು. ಅಲ್ಲಿ ದೂರು ಕೊಟ್ಟವರಲ್ಲಿ ನಿಯಾನ್ ಕೂಡ ಇತ್ತು. ಈಗ ಏನೋ ತೀರ್ಮಾನ ಆಗುತ್ತದೆ ಅಂತ ನಾವೆಲ್ಲಾ ಕಾದಿದ್ದೆವು.

ಆಗಲಿಲ್ಲ. 2011ರ ಮೇ ಕೊನೆಯಲ್ಲಿ ರಾಜಿ ಆಯಿತು. ನಿಯಾನ್ ತನ್ನ ದಾವೆ ಬಿಟ್ಟಿತು, ಝೆಡ್‌ಪ್ರೈಮ್ ಮಾರುವಂತಿಲ್ಲ ಅನ್ನುವ ಶಾಶ್ವತ ನಿರ್ಬಂಧಕ್ಕೆ ಒಪ್ಪಿತು. ಅದೇ ವರ್ಷ ಯುರೋಪಿನ ದೂರುಗಳೂ ಹಿಂದಕ್ಕೆ ಹೋದವು, ತನಿಖೆಯ ಆ ಭಾಗ ಮುಚ್ಚಿತು. ಗಮನಿಸಿ: ಕೊಂಡ ಪ್ರೊಸೆಸರ್ ಮೇಲೆ ಗಿರಾಕಿ ತನಗೆ ಬೇಕಾದ್ದು ಓಡಿಸಬಹುದೋ ಇಲ್ಲವೋ ಅಂತ ಯಾವ ನ್ಯಾಯಾಧೀಶರೂ ಹೇಳಲಿಲ್ಲ. ಆ ಪ್ರಶ್ನೆಗೆ ಕೋರ್ಟಿನ ಉತ್ತರ ಸಿಗಲೇ ಇಲ್ಲ.

ಉತ್ತರ ಬಂದಿದ್ದು ಬೇರೆ ದಾರಿಯಲ್ಲಿ. ಐಬಿಎಂ ತನ್ನ ಕಾಗದಪತ್ರ ಬಿಗಿ ಮಾಡಿತು. ಈಗ ಯಾವ ಮೆಷಿನ್‌ನಲ್ಲಿ ಯಾವ ವಿಶೇಷ ಪ್ರೊಸೆಸರ್ ಮೇಲೆ ಯಾವ ಪ್ರೋಗ್ರಾಂನ ಯಾವ ಕೆಲಸ ಓಡಬಹುದು ಅನ್ನುವುದಕ್ಕೆ ಒಂದು ಪಟ್ಟಿಯೇ ಇದೆ. ಆಥರೈಸ್ಡ್ ಯೂಸ್ ಟೇಬಲ್ ಅಂತ ಅದರ ಹೆಸರು. ಪಟ್ಟಿಯಲ್ಲಿ ಇರುವ ಕೆಲಸ ಮಾತ್ರ, ಬೇರೆ ಯಾವುದಕ್ಕೂ ಅನುಮತಿ ಇಲ್ಲ, ಕಡಿಮೆ ಬೆಲೆಗೆ ಕೊಡುತ್ತಿರುವುದೇ ಈ ಮಿತಿಯ ಕಾರಣಕ್ಕೆ ಅಂತ ಬಿಡಿಸಿ ಬರೆದಿದ್ದಾರೆ. ಝಿಪ್ ಬಗ್ಗೆ ಮಾತಾಡುವ ಐಬಿಎಂನ ಪ್ರತಿಯೊಂದು ಸ್ಲೈಡ್ ಡೆಕ್ ಶುರುವಿನಲ್ಲಿ ಸಣ್ಣ ಅಕ್ಷರದ ಒಂದು ಪ್ಯಾರಾ ಇರುತ್ತದಲ್ಲ, ಎಲ್ಲರೂ ಮುಂದಕ್ಕೆ ತಳ್ಳುವ ಸ್ಲೈಡ್? ಅದು ಇದೇ. ಇನ್ನೊಮ್ಮೆ ಸಿಕ್ಕರೆ ನಿಂತು ಓದಿ.

ಹಾಗಾಗಿ ನಿಮ್ಮ ಮ್ಯಾನೇಜರ್‌ಗೆ ಹೇಳಿ: 2009ರ ಗಿರಾಕಿಗೆ ವಾದ ಮಾಡಲು ಸ್ವಲ್ಪ ಜಾಗ ಇತ್ತು. ಇವತ್ತು ಹೊಸ ಮೆಷಿನ್ ಕೊಂಡವರಿಗೆ ಅಷ್ಟು ಜಾಗ ಇಲ್ಲ.

ಲಂಡನ್ನಿನ ಒಂದು ತೀರ್ಪನ್ನೂ ಗಮನದಲ್ಲಿಡಿ. ವಿನ್ಸೋಪಿಯಾ ಅನ್ನುವ ಸಣ್ಣ ಕಂಪನಿ ಐಬಿಎಂ ಮೇನ್‌ಫ್ರೇಮ್ ಮತ್ತು ಲೈಸೆನ್ಸ್ ಪಡೆದು, ಎಲ್‌ಝೆಡ್‌ಲ್ಯಾಬ್ಸ್ ಅನ್ನುವ ಸ್ವಿಸ್ ಕಂಪನಿಯ ಉತ್ಪನ್ನ ತಯಾರಿಸಲು ಅದನ್ನು ಬಳಸಿತ್ತು. 2025ರ ಮಾರ್ಚ್‌ನಲ್ಲಿ ಅಲ್ಲಿನ ಹೈಕೋರ್ಟ್ ಇದು ಲೈಸೆನ್ಸ್ ಕರಾರಿನ ಉಲ್ಲಂಘನೆ ಅಂತ ಹೇಳಿತು. ಉಲ್ಲಂಘನೆ ಮಾಡಿಸಿದ್ದಕ್ಕೆ ಎಲ್‌ಝೆಡ್‌ಲ್ಯಾಬ್ಸ್ ಮತ್ತು ಅದರ ಹಿಂದಿದ್ದ ಅದೇ ಜಾನ್ ಮೂರ್ಸ್ ಹೊಣೆ ಅಂತಲೂ ತೀರ್ಮಾನಿಸಿತು. ವಿಷಯ ಝಿಪ್ ಅಲ್ಲ, ರಿವರ್ಸ್ ಎಂಜಿನಿಯರಿಂಗ್. ಆದರೂ ಐಬಿಎಂ ಗಿರಾಕಿ ಕರಾರಿನ ಸಾಲುಗಳನ್ನು ಕೋರ್ಟ್ ಎಷ್ಟು ಗಂಭೀರವಾಗಿ ಓದುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ನಿಮ್ಮ ಮ್ಯಾನೇಜರ್ ಇನ್ನೊಂದು ಮಾತು ಕೇಳಬಹುದು. ಝೆಡ್15 ಮೆಷಿನ್‌ನಿಂದ ಈಚೆಗೆ ಸಿಸ್ಟಮ್ ರಿಕವರಿ ಬೂಸ್ಟ್ ಅಂತ ಇದೆಯಲ್ಲ, ಅದರಲ್ಲಿ ಐಬಿಎಂ ತಾನೇ ಎಲ್ಲಾ ಕೆಲಸವನ್ನೂ ಝಿಪ್ ಮೇಲೆ ಓಡಿಸುತ್ತದಲ್ಲ ಅಂತ. ನಿಜ. ಐಪಿಎಲ್, ಅಂದರೆ ಸಿಸ್ಟಮ್ ಶುರು ಮಾಡುವುದು, ಆದ ಮೇಲೆ 60 ನಿಮಿಷ, ಶಟ್‌ಡೌನ್ ಮಾಡುವಾಗ 30 ನಿಮಿಷ, ನಿಮ್ಮ ಕೋಬಾಲ್ ಕೂಡ ಝಿಪ್ ಮೇಲೆ ಓಡುತ್ತದೆ. ಬಿದ್ದ ಸಿಸ್ಟಮ್ ಬೇಗ ಎದ್ದು ನಿಲ್ಲಲಿ ಅಂತ. ಹಾರ್ಡ್‌ವೇರ್‌ನಲ್ಲಿ ಯಾವ ಅಡ್ಡಿಯೂ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಅದು ಐಬಿಎಂ ತಾನೇ ಕೊಟ್ಟ ಅನುಮತಿ, ಅದಕ್ಕೆ ಗಡಿಯಾರ ಕಟ್ಟಿದ್ದಾರೆ. ಅನುಮತಿ ಇದ್ದಾಗ ಓಡುತ್ತದೆ ಅನ್ನುವುದು, ಇಲ್ಲದಾಗ ಓಡಿಸಬಹುದು ಅನ್ನುವುದಕ್ಕೆ ಆಧಾರ ಆಗುವುದಿಲ್ಲ.

ಈಗ ನನಗೆ ನಿಜವಾಗಿ ಚಿಂತೆ ಆಗುವ ಭಾಗಕ್ಕೆ ಬರುತ್ತೇನೆ. ಮಾರುವವರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ.

2010ರ ಸುಮಾರಿಗೆ ನಾನು ಒಂದು ವಿದೇಶಿ ಬ್ಯಾಂಕಿನ ಕೆಪ್ಯಾಸಿಟಿ ಕೆಲಸ ನೋಡುತ್ತಿದ್ದೆ. ಅಲ್ಲಿ ಇಂಥದ್ದೇ ಒಂದು ಟೂಲ್ ಹಾಕಿದ್ದರು. ಮೊದಲ ವಾರ ಪ್ರೊಸೆಸರ್ ಬಳಕೆ ತೋರಿಸುವ ಆರ್‌ಎಂಎಫ್ ವರದಿ ನೋಡಿ ಎಲ್ಲರಿಗೂ ಖುಷಿ. ಝಿಪ್ ಸಾಲು 5 ಪರ್ಸೆಂಟ್‌ನಿಂದ 80ಕ್ಕೆ ಏರಿತ್ತು, ಜನರಲ್ ಪ್ರೊಸೆಸರ್ ಸಾಲು ಇಳಿದಿತ್ತು. ಆ ಖುಷಿಯಲ್ಲಿ ಆ ವರ್ಷ ಕೊಳ್ಳಬೇಕಿದ್ದ ಜನರಲ್ ಪ್ರೊಸೆಸರ್ ಸಾಮರ್ಥ್ಯವನ್ನು ಮುಂದಕ್ಕೆ ಹಾಕಿದರು. ಬಜೆಟ್ ಕಡಿತ ಆಯಿತು, ಎಲ್ಲರ ಬೆನ್ನೂ ತಟ್ಟಿದರು. ಕೆಲವು ತಿಂಗಳ ನಂತರ ಅವರ ಲೀಗಲ್ ವಿಭಾಗ ಟೂಲ್ ತೆಗೆಯಿರಿ ಅಂದಿತು. ತೆಗೆದ ಮೇಲೆ ಬಂದ ಮೊದಲ ತಿಂಗಳ ಕೊನೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ರಾತ್ರಿ ಎರಡು ಗಂಟೆ. ಪರದೆಯಲ್ಲಿ ಜನರಲ್ ಪ್ರೊಸೆಸರ್ 100. ಅದರ ಕೆಳಗಿನ ಸಾಲಿನಲ್ಲಿ ಝಿಪ್ 4. ಬಡ್ಡಿ ಲೆಕ್ಕದ ಜಾಬ್ ಇನ್ನೂ ಅರ್ಧವೂ ಮುಗಿದಿರಲಿಲ್ಲ, ಅದರ ಹಿಂದೆ 40 ಜಾಬ್ ಸಾಲು ನಿಂತಿದ್ದವು. ಬೆಳಿಗ್ಗೆ ಆನ್‌ಲೈನ್ ತೆರೆಯುವ ಹೊತ್ತಿಗೆ ಬ್ಯಾಚ್ ಮುಗಿಯಲಿಲ್ಲ. ಶಾಖೆಗಳಲ್ಲಿ ಜನ ಕಾದರು. ಕೊನೆಗೆ ತುರ್ತಾಗಿ ಸಾಮರ್ಥ್ಯ ಕೊಂಡರು. ತುರ್ತಿನಲ್ಲಿ ಕೊಂಡವರಿಗೆ ಚೌಕಾಶಿ ಮಾಡುವ ಶಕ್ತಿ ಇರುವುದಿಲ್ಲ, ಅಲ್ವಾ?

ಅಂದರೆ ಉಳಿತಾಯ ನಿಮ್ಮ ಕೈಗೆ ಬರುವುದೇ ನೀವು ಜನರಲ್ ಸಾಮರ್ಥ್ಯ ಕಡಿಮೆ ಮಾಡಿದಾಗ. ಅದನ್ನು ಕಡಿಮೆ ಮಾಡಿದ ಕ್ಷಣದಿಂದ ಆ ಟೂಲ್ ಇಲ್ಲದೆ ನಿಮ್ಮ ಅಂಗಡಿ ನಡೆಯುವುದಿಲ್ಲ. ಆ ಟೂಲ್ ನಾಳೆ ಇರುತ್ತದೋ ಇಲ್ಲವೋ ಅನ್ನುವುದು ಇನ್ನೊಬ್ಬರ ಕೋರ್ಟ್ ಕೇಸಿನ ಮೇಲೆ ನಿಂತಿರುತ್ತದೆ.

ಐಬಿಎಂಗೆ ಹೇಗೆ ಗೊತ್ತಾಗುತ್ತದೆ ಅಂತ ಕೆಲವರು ನನ್ನನ್ನು ಮೆಲ್ಲಗೆ ಕೇಳುತ್ತಾರೆ. ಬಚ್ಚಿಡುವುದು ಕಷ್ಟ. ಸಿಸ್ಟಮ್ ತಾನೇ ಬರೆದಿಡುವ ಎಸ್‌ಎಂಎಫ್ 30ನೇ ದಾಖಲೆಯಲ್ಲಿ ಪ್ರತಿ ಜಾಬ್ ಝಿಪ್ ಮೇಲೆ ಎಷ್ಟು ಹೊತ್ತು ಓಡಿತು ಅಂತ ಬೇರೆಯಾಗಿ ಇರುತ್ತದೆ. ಡಿಬಿ2, ಜಾವಾ ಯಾವುದೂ ಮುಟ್ಟದ ಕೋಬಾಲ್ ಜಾಬ್ ಬಹುಪಾಲು ಝಿಪ್ ಮೇಲೆ ಓಡಿದೆ ಅಂತ ಅಲ್ಲಿದ್ದರೆ ನೋಡಿದವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇನ್ನೊಂದು ದಾರಿ ಡಂಪ್, ಅಂದರೆ ಆ ಕ್ಷಣದ ಮೆಮೊರಿಯ ನಕಲು. ಯಾವುದೋ ಅಬೆಂಡ್ (ಪ್ರೋಗ್ರಾಂ ಮಧ್ಯದಲ್ಲೇ ಬೀಳುವುದು) ಬಗ್ಗೆ ನೀವೇ ಸಪೋರ್ಟ್‌ಗೆ ಡಂಪ್ ಕಳಿಸುತ್ತೀರಿ. ಯಾವ ಕೆಲಸ ಯಾವ ಪ್ರೊಸೆಸರ್‌ಗೆ ಅಂತ ಹಂಚುವ ಡಿಸ್ಪ್ಯಾಚರ್ ಹತ್ತಿರ ಕೈ ಆಡಿಸಿದ ಮಾಡ್ಯೂಲ್ ಆ ಡಂಪ್ ಒಳಗೇ ಕೂತಿರುತ್ತದೆ. ಕಳಿಸದೇ ಇದ್ದರೆ ಸಪೋರ್ಟ್ ಇಲ್ಲ. ಇಂಥ ಇಕ್ಕಟ್ಟಿನಲ್ಲಿ ಸಿಸ್ಟಮ್ ಪ್ರೋಗ್ರಾಮರನ್ನು ಕೂರಿಸುವುದು ತಪ್ಪು ಅಂತ ನಾನು ಬಲವಾಗಿ ನಂಬುತ್ತೇನೆ.

ಬೆಂಗಳೂರಿನ ತಂಡಗಳಿಗೆ ಇದು ಇನ್ನೂ ಮುಖ್ಯ. ಕರಾರು ಇರುವುದು ಐಬಿಎಂ ಮತ್ತು ಹೊರದೇಶದ ನಿಮ್ಮ ಮುಖ್ಯ ಕಚೇರಿ ನಡುವೆ. ಅದನ್ನು ನಿಮ್ಮ ತಂಡದವರು ಬಹುಶಃ ನೋಡಿಯೂ ಇರುವುದಿಲ್ಲ. ಆದರೆ ಟೂಲ್ ಹಾಕುವ ಕೈ ನಿಮ್ಮದು. ಬದಲಾವಣೆಯ ಟಿಕೆಟ್‌ನಲ್ಲಿ ನಿಮ್ಮ ಯೂಸರ್ ಐಡಿ ಇರುತ್ತದೆ. ಎಸ್‌ಸಿಆರ್‌ಟಿ ವರದಿ ತಯಾರಿಸಿ ಕಳಿಸುವವರೂ ನೀವೇ ಇರಬಹುದು. ಆ ವರದಿ ಬಿಲ್‌ಗೆ ಆಧಾರ, ಅದು ಸರಿ ಅಂತ ಗಿರಾಕಿ ಹೊಣೆ ಹೊರುತ್ತಾರೆ. ಉಳಿತಾಯದ ಸ್ಲೈಡ್‌ನಲ್ಲಿ ಬೇರೆಯವರ ಹೆಸರು, ಲಾಗ್‌ನಲ್ಲಿ ನಿಮ್ಮ ಹೆಸರು. ಬಾಯಿ ಮಾತಿನ ಮೇಲೆ ಇದನ್ನು ಮಾಡಲೇಬೇಡಿ. ಮುಖ್ಯ ಕಚೇರಿಯ ಲೀಗಲ್ ವಿಭಾಗದಿಂದ ಬರಹದಲ್ಲಿ ಉತ್ತರ ಬರಲಿ.

ಹಾಗಂತ ಝಿಪ್ ಖಾಲಿ ಬಿಡಿ ಅಂತ ನಾನು ಹೇಳುವುದಿಲ್ಲ. ನೇರ ದಾರಿಯಲ್ಲೇ ಬೇಕಾದಷ್ಟು ಮಾಡಬಹುದು, ಬಹಳಷ್ಟು ಕಡೆ ಅದನ್ನೇ ಮಾಡಿರುವುದಿಲ್ಲ.

ಮೊದಲು ಅದೇ ಎಸ್‌ಎಂಎಫ್ 30ರಲ್ಲಿ ಇನ್ನೊಂದು ಅಂಕಿ ನೋಡಿ: ಝಿಪ್‌ಗೆ ಅರ್ಹವಾಗಿದ್ದೂ ಜನರಲ್ ಪ್ರೊಸೆಸರ್ ಮೇಲೆ ಓಡಿದ ಸಮಯ. ನಿಮಗೆ ಅನುಮತಿ ಇದ್ದೂ ಪೂರ್ತಿ ರೇಟು ಕಟ್ಟುತ್ತಿರುವ ಕೆಲಸ ಅದು. ಬ್ಯಾಚ್ ಹೊತ್ತಿನಲ್ಲಿ ಝಿಪ್ ಖಾಲಿ ಇದ್ದರೂ ಹಗಲಿನ ಗದ್ದಲದಲ್ಲಿ ಕೆಲಸ ಆ ಕಡೆ ಸೋರುತ್ತಿರಬಹುದು. ನಿಮ್ಮ ಬಿಲ್‌ನ ಎತ್ತರದ ಗಂಟೆ ಹಗಲಿನಲ್ಲೇ ಬಿದ್ದಿದ್ದರೆ ರಾತ್ರಿಯ ಖಾಲಿ ಝಿಪ್ ನೋಡಿ ಕೊರಗಿ ಪ್ರಯೋಜನ ಇಲ್ಲ. ಮೊದಲು ಆ ಗಂಟೆ ಯಾವುದು ಅಂತ ಕಂಡುಹಿಡಿಯಿರಿ. ಎಷ್ಟೋ ಸಲ ಎರಡು ದೊಡ್ಡ ಜಾಬ್‌ಗಳನ್ನು ಒಂದೂವರೆ ಗಂಟೆ ಆಚೀಚೆ ಮಾಡಿದರೆ ನಾಲ್ಕು ಗಂಟೆಯ ಸರಾಸರಿ ತಾನಾಗಿ ಇಳಿಯುತ್ತದೆ. ಒಂದು ರೂಪಾಯಿಯ ಟೂಲ್ ಬೇಡ.

ಆಮೇಲೆ ಡಿಬಿ2. ನಿಮ್ಮಲ್ಲಿ ಕೋಬಾಲ್‌ನಲ್ಲಿ ಬರೆದ ಸ್ಟೋರ್ಡ್ ಪ್ರೊಸೀಜರ್‌ಗಳು (ಡೇಟಾಬೇಸ್ ಮೂಲಕ ಕರೆಯುವ ಪ್ರೋಗ್ರಾಂಗಳು) ಇದ್ದೇ ಇರುತ್ತವೆ. ಅವು ಟಿಸಿಬಿ ಅಡಿಯಲ್ಲಿ ಓಡುತ್ತವೆ, ಅರ್ಹ ಅಲ್ಲ. ಅದೇ ಕೆಲಸವನ್ನು ಡಿಬಿ2 ತನ್ನೊಳಗೇ ಓಡಿಸುವ ನೇಟಿವ್ ಎಸ್‌ಕ್ಯುಎಲ್ ಪ್ರೊಸೀಜರ್ ಆಗಿ ಬರೆದು, ನೆಟ್‌ವರ್ಕ್ ಮೂಲಕ ಕರೆದರೆ ಅರ್ಹ. ಪಟ್ಟಿಯೊಳಗಿನ ದಾರಿ, ಯಾರಿಗೂ ಹೆದರಬೇಕಿಲ್ಲ. ಎಲ್ಲವನ್ನೂ ಬದಲಿಸಲು ಹೋಗಬೇಡಿ, ದಿನಕ್ಕೆ ಲಕ್ಷಗಟ್ಟಲೆ ಸಲ ಕರೆಯಲ್ಪಡುವ ನಾಲ್ಕೈದು ಹುಡುಕಿ. ಬರೆಯುವ ಹೊಸ ಬ್ಯಾಚ್ ಜಾವಾದಲ್ಲಿ ಬರೆಯಬಹುದಾ ಅಂತ ಅಪ್ಲಿಕೇಶನ್ ತಂಡದ ಜೊತೆ ಮಾತಾಡಿ. ಝ್ಯಾಪ್ ಹೋಗಿ ಈಗ ಜಾವಾ ಕೂಡ ಝಿಪ್ ಮೇಲೇ ಓಡುತ್ತದೆ, ಝೆಡ್13 ಮೆಷಿನ್‌ನಿಂದ ಈಚೆಗೆ ಝ್ಯಾಪ್ ಇಲ್ಲವೇ ಇಲ್ಲ. ಹಳೆಯ ಕೋಬಾಲ್ ಜಾವಾಗೆ ತಿರುಗಿಸಿ ಅಂತ ಮಾತ್ರ ನಾನು ಹೇಳುವುದಿಲ್ಲ. ಅದು ಬೇರೆಯೇ ದೊಡ್ಡ ಕೆಲಸ.

ಕೋಬಾಲ್‌ಗೆ ಒಂದು ಸುಲಭದ ದಾರಿ ಇದೆ. ನಿಮ್ಮ ಲೋಡ್ ಮಾಡ್ಯೂಲ್‌ಗಳು (ಓಡಲು ಸಿದ್ಧವಾದ ಪ್ರೋಗ್ರಾಂಗಳು) ಯಾವ ಕಂಪೈಲರ್‌ನಲ್ಲಿ ಕಂಪೈಲ್ ಆಗಿವೆ ನೋಡಿ. ಎಂಟರ್‌ಪ್ರೈಸ್ ಕೋಬಾಲ್ 4.2ಕ್ಕೆ ಸಪೋರ್ಟ್ ನಿಂತಿದ್ದು 2022ರ ಏಪ್ರಿಲ್‌ನಲ್ಲಿ. ಆದರೂ ಅದರಲ್ಲಿ, ಅದಕ್ಕಿಂತ ಹಳೆಯದರಲ್ಲಿ ಕಂಪೈಲ್ ಆದ ಪ್ರೋಗ್ರಾಂಗಳು ಎಲ್ಲಾ ಕಡೆ ಓಡುತ್ತಿವೆ. ಹೊಸ 6ನೇ ಸರಣಿಯಲ್ಲಿ ನಿಮ್ಮ ಮೆಷಿನ್‌ಗೆ ತಕ್ಕ ಆರ್ಚ್ ಮಟ್ಟ (ಯಾವ ಪೀಳಿಗೆಯ ಮೆಷಿನ್ ಅಂತ ಹೇಳುವ ಆಯ್ಕೆ) ಕೊಟ್ಟು ಮತ್ತೆ ಕಂಪೈಲ್ ಮಾಡಿದರೆ ಲೆಕ್ಕಾಚಾರ ಜಾಸ್ತಿ ಇರುವ ಪ್ರೋಗ್ರಾಂಗಳಲ್ಲಿ ಸಿಪಿಯು ಚೆನ್ನಾಗಿ ಇಳಿಯುತ್ತದೆ. ವಿಮಾ ಪ್ರೀಮಿಯಂ ಲೆಕ್ಕ ಅಂಥದ್ದೇ ಅಲ್ವಾ? ಪರೀಕ್ಷೆ ಮಾತ್ರ ಸರಿಯಾಗಿ ಮಾಡಿ, ಹಳೆಯ ಕಂಪೈಲರ್ ಸಹಿಸಿಕೊಂಡಿದ್ದ ಕೆಟ್ಟ ಡೇಟಾವನ್ನು ಹೊಸದು ಸಹಿಸದೇ ಇರಬಹುದು.

ಬೆಲೆಯ ಬಗ್ಗೆ ಸಿಟ್ಟಿದ್ದರೆ ಬೆಲೆಯ ಬಗ್ಗೆಯೇ ಮಾತಾಡಿ. ನಾಲ್ಕು ಗಂಟೆಯ ಸರಾಸರಿಗೆ ಬದಲಾಗಿ ಒಟ್ಟು ಬಳಕೆಯ ಮೇಲೆ ಶುಲ್ಕ ಹಾಕುವ ಟೇಲರ್ಡ್ ಫಿಟ್ ಪ್ರೈಸಿಂಗ್ ಈಗ ಇದೆ. ನಿಮಗೆ ಲಾಭವೋ ನಷ್ಟವೋ ಅನ್ನುವುದು ನಿಮ್ಮ ಏರಿಳಿತ ಎಷ್ಟಿದೆ ಅನ್ನುವುದರ ಮೇಲೆ ಹೋಗುತ್ತದೆ. ಮುಂದಿನ ಮೆಷಿನ್ ಖರೀದಿಗೆ ಮೊದಲು ಈ ಲೆಕ್ಕ ಕೈಯಲ್ಲಿಟ್ಟುಕೊಂಡು ಕೂತರೆ ಚೌಕಾಶಿಗೆ ಬಲ ಬರುತ್ತದೆ.

ಕೊನೆಗೆ, ನಿಮಗೆ ಡೆಮೊ ಕೊಟ್ಟವರ ಟೂಲ್ ಬಗ್ಗೆ. ಝಿಪ್ ಬಳಸುವ ಹೊರಗಿನ ಟೂಲ್ ಎಲ್ಲವೂ ಕೆಟ್ಟವಲ್ಲ. ಮಾನಿಟರ್‌ಗಳು, ಡೇಟಾ ಸಾಗಿಸುವ ಉತ್ಪನ್ನಗಳು, ಹೀಗೆ ಎಷ್ಟೋ ಕಂಪನಿಗಳು ಐಬಿಎಂ ಜೊತೆ ಒಪ್ಪಂದ ಮಾಡಿಕೊಂಡು ತಮ್ಮದೇ ಕೋಡನ್ನು ಎಸ್‌ಆರ್‌ಬಿ ರೂಪದಲ್ಲಿ ಬರೆದು ಝಿಪ್ ಮೇಲೆ ಓಡಿಸುತ್ತವೆ. ಅದಕ್ಕೆ ತಕರಾರಿಲ್ಲ. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ ಇದು: ಈ ಟೂಲ್ ಝಿಪ್‌ಗೆ ಒಯ್ಯುವುದು ತನ್ನ ಕೆಲಸವನ್ನೋ, ನನ್ನ ಕೋಬಾಲನ್ನೋ? ತನ್ನ ಕೆಲಸ ಅಂದರೆ ಮಾತು ಮುಂದುವರಿಸಬಹುದು. ನಿಮ್ಮ ಕೋಬಾಲ್ ಅಂದರೆ ಇನ್ನೆರಡು ಪ್ರಶ್ನೆ ಬರಹದಲ್ಲಿ ಕೇಳಿ. ಆಥರೈಸ್ಡ್ ಯೂಸ್ ಟೇಬಲ್‌ನ ಯಾವ ಸಾಲು ಇದಕ್ಕೆ ಅನುಮತಿ ಕೊಡುತ್ತದೆ? ಐಬಿಎಂ ನಮ್ಮ ಮೇಲೆ ಶುಲ್ಕದ ಬಾಕಿ ಹೊರಿಸಿದರೆ ಪೂರ್ತಿ ನೀವು ಕಟ್ಟುತ್ತೀರಾ? ಝೆಡ್‌ಪ್ರೈಮ್ ಕಾಲದ ವಾದ ಎತ್ತಿಕೊಂಡು ಬಂದರೆ ಕೇಸು ರಾಜಿಯಲ್ಲಿ ಮುಗಿಯಿತು, ಮಾರಾಟ ನಿಂತಿತು ಅಂತ ನೆನಪಿಸಿ.

ಉತ್ತರ ಬರಹದಲ್ಲಿ ಬಂದು, ನಿಮ್ಮ ಲೀಗಲ್ ವಿಭಾಗ ನೋಡಿ ಸಹಿ ಹಾಕುವ ತನಕ ಅವರ ಲೋಡ್ ಲೈಬ್ರರಿಯನ್ನು ಎಪಿಎಫ್ ಪಟ್ಟಿಗೆ (ವಿಶೇಷ ಅಧಿಕಾರದಿಂದ ಓಡಬಹುದಾದ ಪ್ರೋಗ್ರಾಂಗಳ ಪಟ್ಟಿ) ಸೇರಿಸಬೇಡಿ. ಸುಮ್ನೆ ಟ್ರಯಲ್ ನೋಡೋಣ ಅಂತ ಟೆಸ್ಟ್ ಎಲ್‌ಪಾರ್‌ನಲ್ಲಿ (ಮೆಷಿನ್ ಒಳಗೆ ಪರೀಕ್ಷೆಗೆ ಬಿಟ್ಟ ಭಾಗ) ಕೂಡ ಬೇಡ. ಕರಾರಿಗೆ ಟೆಸ್ಟ್ ಎಲ್‌ಪಾರ್ ಕೂಡ ಅದೇ ಮೆಷಿನ್.